ಎದುರಿಗೆ ಬೆಣ್ಣೆ, ಬೆನ್ನ ಹಿಂದೆ ಫಿಟ್ಟಿಂಗು: ಆಫೀಸಿನ ನಯವಂಚಕರ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಪ್ರಮೋಷನ್ ಬಗ್ಗೆ ಬಂದ ಒಂದು ಪ್ರಶ್ನೆಗೆ ಉತ್ತರ ಬರೀತಾ, ಕೆಲಸಕ್ಕಿಂತ ಕೆಲಸದ ಜಾಗದಲ್ಲಿರೋ ಕೆಲವು ಮನುಷ್ಯರೇ ನಮ್ಮನ್ನ ಜಾಸ್ತಿ ಸುಸ್ತು ಮಾಡೋದು ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ನಾನು ಎಚ್‌ಆರ್ ಕೆಲಸದಲ್ಲಿ ಬಹಳ ವರ್ಷ ಇದ್ದೋಳು, ಇಂಥ ಕಥೆಗಳನ್ನ ಟೇಬಲ್ಲಿನ ಆಚೆ ಕಡೆ ಕೂತು ಕೇಳಿದೀನಿ, ಆದ್ರೂ ಈ ಪತ್ರಗಳನ್ನ ಓದಿ ಹೊಟ್ಟೆ ಉರೀತು. ಎಲ್ಲದಕ್ಕೂ ಇಲ್ಲಿ ಉತ್ತರ ಕೊಡೋಕೆ ಜಾಗ ಇಲ್ಲ, ಬೇರೆಯವರಿಗೂ ಉಪಯೋಗ ಆಗೋಂಥ ಕೆಲವನ್ನ ತಗೊಂಡಿದೀನಿ. ಹೆಸರು, ಕಂಪನಿ ಎಲ್ಲ ತೆಗೆದಿದೀನಿ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನೀಲಿ ಟೆಸ್ಟಿಂಗ್ ಟೀಮಲ್ಲಿದೀನಿ. ಹೊಸ ಲೀಡ್ ಒಬ್ರು ಬಂದ್ರು, ಬಂದ ವಾರದಲ್ಲೇ ನನ್ನ ಟೀಗೆ ಕರ್ಕೊಂಡೋಗಿ 'ಈ ಟೀಮಲ್ಲಿ ನಿಜವಾಗಿ ಕೆಲಸ ಮಾಡೋನು ನೀನೊಬ್ನೇ' ಅಂದ್ರು. ತುಂಬ ಖುಷಿ ಆಯ್ತು. ನಮ್ಮ ಟೀಮಲ್ಲೇ ನನಗೆ ಒಳ್ಳೆ ಫ್ರೆಂಡ್ ಒಬ್ಳು ಇದಾಳೆ, ಆಮೇಲೆ ಒಂದಿನ ಲೀಡ್ 'ಅವಳು ನಿನ್ನ ಬಗ್ಗೆ ಏನೇನೋ ಹೇಳ್ತಿದ್ಲಪ್ಪ, ನಾನು ಹೇಳ್ದೆ ಅಂತ ಹೇಳ್ಬೇಡ, ಸುಮ್ನೆ ಹುಷಾರಾಗಿರು' ಅಂದ್ರು. ಗಮನಿಸಿ ನೋಡಿದ್ರೆ ಅವಳು ನಿಜವಾಗ್ಲೂ ನನ್ನ ಹತ್ರ ಸರಿಯಾಗಿ ಮಾತಾಡ್ತಿರಲಿಲ್ಲ. ಈಗ ನಾವಿಬ್ರೂ ಮಾತೇ ಬಿಟ್ಟಿದೀವಿ. ಮೊನ್ನೆ ರಿವ್ಯೂಲಿ ನಾನು ಮಾಡಿದ್ದ ರಿಪೋರ್ಟು ಲೀಡ್ ಹೆಸರಲ್ಲಿ ಮ್ಯಾನೇಜರ್ ಮುಂದೆ ಹೋಗಿತ್ತು. ಕೇಳಿದ್ರೆ 'ನಿನ್ನ ಹೆಸರು ಹಾಕಿದ್ರೆ ಆಕ್ಷೇಪ ಬರ್ತಿತ್ತು, ನಿನ್ನ ಕಾಪಾಡೋಕೆ ಹಾಗೆ ಮಾಡ್ದೆ' ಅಂತಾರೆ. ನಂಬಬೇಕೋ ಬಿಡಬೇಕೋ ಗೊತ್ತಾಗ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ಪೆನ್ನಲ್ಲಿ ಗೀಟು ಹಾಕಿದ್ದು 'ನಾನು ಹೇಳ್ದೆ ಅಂತ ಹೇಳ್ಬೇಡ' ಅನ್ನೋ ಮಾತಿಗೆ. ಮಿಕ್ಕಿದ್ದೆಲ್ಲ ನಿಂತಿರೋದು ಅದರ ಮೇಲೆ. ಆ ಒಂದು ಮಾತು ಹೇಳಿದ ಮೇಲೆ ನೀವು ನಿಮ್ಮ ಫ್ರೆಂಡ್ ಹತ್ರ ಹೋಗಿ 'ಹಿಂಗಂದ್ಯಂತೆ, ಹೌದಾ' ಅಂತ ಕೇಳೋ ದಾರಿ ಮುಚ್ಚಿಹೋಯ್ತು, ಕೇಳಿದ್ರೆ ಲೀಡ್‌ಗೆ ಕೊಟ್ಟ ಮಾತು ತಪ್ಪಿದಂಗೆ. ಇಬ್ಬರು ಮಾತಾಡದೆ ಇರೋವರೆಗೆ ಮಧ್ಯದಲ್ಲಿರೋರು ಏನು ಬೇಕಾದ್ರೂ ಹೇಳಬಹುದು.

ಇದು ಇವತ್ತಿನ ಕಾರ್ಪೊರೇಟ್ ಕಲೆ ಅಲ್ಲ. ಪಂಚತಂತ್ರದಲ್ಲಿ ಸಿಂಹ ಪಿಂಗಳಕ, ಎತ್ತು ಸಂಜೀವಕ, ಇವರಿಬ್ಬರ ಸ್ನೇಹ ಮುರಿಯೋ ನರಿ ದಮನಕ, ಈ ಕಥೆ ನಮಗೆಲ್ಲ ಗೊತ್ತು. ಆದ್ರೆ ನರಿ ಅದನ್ನ ಹೆಂಗೆ ಮಾಡ್ತು ಅನ್ನೋದು ಮರೆತಿರ್ತೀವಿ. ಸಿಂಹದ ಹತ್ರ ಹೋಗಿ ಎತ್ತಿಗೆ ನಿನ್ನ ರಾಜ್ಯದ ಮೇಲೆ ಕಣ್ಣು ಅಂತು, ಎತ್ತಿನ ಹತ್ರ ಹೋಗಿ ಸಿಂಹ ನಿನ್ನ ತಿನ್ನೋಕೆ ಕಾಯ್ತಿದೆ ಅಂತು, ಅಷ್ಟೇ ಅಲ್ಲ, ಅವನು ಕೊಲ್ಲೋಕೆ ಸಿದ್ಧವಾಗಿದ್ರೆ ಹಿಂಗಿಂಗೆ ನಿಂತಿರ್ತಾನೆ ನೋಡ್ಕೋ ಅಂತ ಗುರುತೂ ಹೇಳಿಕೊಡ್ತು. ಇಬ್ಬರೂ ಹೆದರ್ಕೊಂಡೇ ಎದುರಾದ್ರು, ಹೆದರಿದ ಪ್ರಾಣಿ ನಿಲ್ಲೋ ರೀತಿಯಲ್ಲೇ ನಿಂತ್ರು, ಇವನ ಹೆದರಿಕೆ ಅವನಿಗೆ ದ್ವೇಷದ ಸಾಕ್ಷಿ ಆಯ್ತು, ಅವನದ್ದು ಇವನಿಗೆ. ಈ ಕಥೇನ ಕನ್ನಡಕ್ಕೆ ತಂದ ದುರ್ಗಸಿಂಹ 11ನೇ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಹತ್ರ ಸಂಧಿವಿಗ್ರಹಿ ಆಗಿದ್ದೋನು, ಅಂದ್ರೆ ಆಸ್ಥಾನದ ಒಳಗೇ ಕೆಲಸ ಮಾಡ್ತಿದ್ದ ಅಧಿಕಾರಿ.

ಈಗ ನಿಮ್ಮ ವಿಷಯಕ್ಕೆ ಬನ್ನಿ. 'ಗಮನಿಸಿ ನೋಡಿದ್ರೆ ಅವಳು ಸರಿಯಾಗಿ ಮಾತಾಡ್ತಿರಲಿಲ್ಲ' ಅಂತ ಬರ್ದಿದೀರಲ್ಲ, ಅವಳಿಗೂ ನಿಮ್ಮ ಬಗ್ಗೆ ಇದೇ ಥರ ಏನೋ ಹೇಳಿರೋ ಸಾಧ್ಯತೆ ಬಹಳ ಇದೆ, ಅವಳೂ ನಿಮ್ಮ ಮುಖ ನೋಡಿ 'ಹೌದು, ಇವನು ಬದಲಾಗಿದಾನೆ' ಅಂದ್ಕೊಂಡಿರ್ತಾಳೆ. ಅದಕ್ಕೇ ಮೊದಲ ಕೆಲಸ ಅವಳನ್ನ ಕ್ಯಾಂಟೀನಿಗೆ ಕರೆದು ನೇರವಾಗಿ ಮಾತಾಡೋದು. ಲೀಡ್ ಮೇಲೆ ಆರೋಪದಿಂದ ಶುರು ಮಾಡ್ಬೇಡಿ, 'ನನ್ನಿಂದ ನಿನಗೇನಾದ್ರೂ ಬೇಜಾರಾಗಿದೆಯಾ, ನನಗೆ ಹಂಗನ್ನಿಸ್ತಿದೆ' ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ಗುಟ್ಟು ಕಾಪಾಡ್ತೀನಿ ಅಂತ ಮಾತು ಕೊಟ್ಟಿದೀನಲ್ಲ ಅಂತ ಸಂಕೋಚ ಪಡ್ಬೇಡಿ, ಇನ್ನೊಬ್ಬರ ಬಗ್ಗೆ ಕೆಟ್ಟದು ಹೇಳಿ ಅವರಿಗೆ ಉತ್ತರ ಕೊಡೋ ಅವಕಾಶ ತಪ್ಪಿಸೋ ಗುಟ್ಟಿಗೆ ನೀವು ಋಣಿಯಲ್ಲ.

ರಿಪೋರ್ಟಿನ ವಿಷಯಕ್ಕೆ ಒಂದು ಮಾತು. ಒಂದು ಸಲ ಹೆಸರು ಬಿಟ್ಟುಹೋಗೋದು ಒಳ್ಳೆಯವರಿಂದಲೂ ಆಗುತ್ತೆ, ಅವಸರದಲ್ಲಿ ಆಗುತ್ತೆ. ವ್ಯತ್ಯಾಸ ಗೊತ್ತಾಗೋದು ನೀವು ಹೇಳಿದ ಮೇಲೆ. ಸಾಚಾ ಮನುಷ್ಯರು ಯಾರ ಮುಂದೆ ತಪ್ಪಾಗಿತ್ತೋ ಅವರ ಮುಂದೆಯೇ ಸರಿಪಡಿಸ್ತಾರೆ, ಅದೇ ಮೇಲ್‌ಗೆ ರಿಪ್ಲೈ ಮಾಡಿ 'ಇದನ್ನ ಮಾಡಿದ್ದು ಇವರು' ಅಂತಾರೆ. ಮತ್ತೊಬ್ಬರು ನಿಮಗೆ ಒಬ್ಬರಿಗೇ ಸಮಾಧಾನ ಹೇಳಿ ಕಳಿಸ್ತಾರೆ, ಮ್ಯಾನೇಜರ್ ತಲೇಲಿ ಮಾತ್ರ ಹಳೇದೇ ಉಳಿಯುತ್ತೆ. ನಿಮ್ಮ ಲೀಡ್ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಕಿತ್ಕೊಂಡಿದ್ದನ್ನೇ ಉಪಕಾರ ಅಂತ ಹೇಳಿದಾರೆ, ಇದು ನನಗೆ ಸರಿ ಕಾಣ್ತಿಲ್ಲ. ಇನ್ಮೇಲೆ ರಿಪೋರ್ಟು ಲೀಡ್‌ಗೆ ಒಬ್ಬರಿಗೇ ಕಳಿಸ್ಬೇಡಿ, ಟೀಮಿನ ಶೇರ್ಡ್ ಫೋಲ್ಡರ್‌ಗೆ ಹಾಕಿ ಲಿಂಕನ್ನ ಎಲ್ಲರಿಗೂ, ಮ್ಯಾನೇಜರನ್ನೂ ಸೇರಿಸಿ ಕಳಿಸಿ. ಬಾಯಲ್ಲಿ ಹೇಳಿದ ಕೆಲಸಕ್ಕೆ ಅವತ್ತೇ ಸಂಜೆ ಎರಡು ಸಾಲು ಮೇಲ್: 'ಇವತ್ತು ಮಾತಾಡಿದ ಪ್ರಕಾರ ನಾನು ಇಷ್ಟು ಮಾಡ್ತಿದೀನಿ, ಗುರುವಾರ ಕೊಡ್ತೀನಿ, ಬೇರೆ ಏನಾದ್ರೂ ಇದ್ರೆ ತಿಳಿಸಿ.' ಜಗಳದ ಧಾಟಿ ಬೇಡ, ಇದು ಎಲ್ಲ ಒಳ್ಳೆ ಟೀಮಲ್ಲೂ ಮಾಡೋದೇ. ಪ್ರಾಮಾಣಿಕವಾಗಿರೋ ಲೀಡ್‌ಗೆ ಇಂಥ ಮೇಲಿಂದ ಅನುಕೂಲ, ಇದಕ್ಕೆ ಸಿಟ್ಟಾಗಿ 'ಎಲ್ಲ ಯಾಕೆ ಬರೀತೀಯ' ಅಂತ ಯಾರಾದ್ರೂ ಕೇಳಿದ್ರೆ ಅದನ್ನೂ ನೆನಪಲ್ಲಿಟ್ಕೊಳ್ಳಿ.

ಪ್ರಶ್ನೆ: ಮುಖ ನೋಡಿ, ಕಣ್ಣು ನೋಡಿ ಸುಳ್ಳು ಹೇಳ್ತಿದಾರೆ ಅಂತ ಕಂಡುಹಿಡಿಯೋಕೆ ಟ್ರೈನಿಂಗ್ ಕೊಡ್ತಾರಂತೆ, ಸೇರಬಹುದಾ? – ತುಮಕೂರಿನ ಓದುಗರು

ಉತ್ತರ: ದುಡ್ಡು ಉಳಿಸ್ಕೊಳ್ಳಿ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅನ್ನೋ ಅಮೆರಿಕದ ಸಂಶೋಧಕರು 2006ರಲ್ಲಿ ಈ ಬಗ್ಗೆ ನಡೆದಿದ್ದ ನೂರಾರು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ಜನ ಸುಳ್ಳು ಯಾವುದು ನಿಜ ಯಾವುದು ಅಂತ ಸರಿಯಾಗಿ ಹೇಳಿದ್ದು ಸರಾಸರಿ 100ಕ್ಕೆ 54 ಸಲ. ನಾಣ್ಯ ಚಿಮ್ಮಿದ್ರೂ 50 ಬರುತ್ತೆ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ, ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಾರದು ಅಂತ ಬೆಳೆದ ಹುಡುಗ ಹುಡುಗೀರು ಇಂಟರ್‌ವ್ಯೂಲಿ ತಲೆ ತಗ್ಗಿಸಿದ್ರೆ ಅವರನ್ನ ಕಳ್ಳರು ಅಂದ್ಕೊಂಡುಬಿಡ್ತೀವಿ, ಸುಳ್ಳು ಹೇಳಿ ಹೇಳಿ ಪಳಗಿದವರು ನಮ್ಮನ್ನ ನೇರವಾಗಿ ನೋಡ್ಕೊಂಡೇ ಹೇಳ್ತಾರೆ. ಮುಖ ಬಿಡಿ. ಹೇಳಿದ ಮಾತನ್ನ ಅದು ಸಂಬಂಧಪಟ್ಟ ಇನ್ನೊಬ್ಬರ ಹತ್ರ ಕೇಳಿ ತಾಳೆ ನೋಡಿ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ್ರಿ. ನಾ ಗದಗ ಕಡೆ ಒಂದು ಪತ್ತಿನ ಸಹಕಾರಿ ಸಂಘದಾಗ ಕ್ಯಾಶಿಯರ್ ಅದೇನ್ರಿ. ನಮ್ಮ ಸೆಕ್ರೆಟರಿ ಸಾಹೇಬ್ರು ಭಾಳ ಒಳ್ಳೆ ಮನುಷ್ಯಾ ಅಂತ ಊರಾಗೆಲ್ಲ ಹೆಸರೈತ್ರಿ, ರವಿವಾರ ಸೈತ ಆಫೀಸಿಗೆ ಬರ್ತಾರ, ರಜಾ ತಗೊಂಡಿದ್ದು ನಾ ನೋಡೇ ಇಲ್ಲ. ನನ್ನ ತಂಗಿ ಮದುವಿಗೆ ರೊಕ್ಕ ಕಡಿಮಿ ಬಿದ್ದಾಗ ಅವರ ಕೊಟ್ಟಾರ. ಈಗ ಒಂದು ವರ್ಷದಿಂದ ಖಾಲಿ ವೋಚರ್ ಮ್ಯಾಲೆ ಸಹಿ ಮಾಡು, ಆಮ್ಯಾಲೆ ತುಂಬತೀನಿ ಅಂತಾರ. ಯಾಕ್ರಿ ಅಂದ್ರ 'ನನ್ನ ಮ್ಯಾಲೆ ನಂಬಿಗಿ ಇಲ್ಲೇನು, ನಿನ್ನ ತಂಗಿ ಮದುವ್ಯಾಗ ನಾ ನಿನ್ನ ಸಹಿ ಕೇಳಿದ್ನೇನು' ಅಂತಾರ. ಹ್ವಾದ ವಾರ ಒಬ್ಬಾಕಿ ಅಜ್ಜಿ ಠೇವಣಿ ಪಾವತಿ ಹಿಡ್ಕೊಂಡು ಬಂದ್ಲು. ಲೆಜರಿನ್ಯಾಗ ಆ ಠೇವಣಿ ಮ್ಯಾಲೆ ಸಾಲ ತೋರಸ್ತೈತಿ, ಆಕಿ ನಾ ಸಾಲಾನ ತಗೊಂಡಿಲ್ಲ ಅಂತಾಳ. ಸಾಹೇಬ್ರು 'ಕಂಪ್ಯೂಟರ್ ತಪ್ಪು, ನಾ ನೋಡ್ಕೋತೀನಿ, ನೀ ಯಾರ ಮುಂದೂ ಬಾಯಿ ಬಿಡಬ್ಯಾಡ' ಅಂದ್ರು. ಏನು ಮಾಡ್ಲಿರಿ?

ಉತ್ತರ: ತಮ್ಮಾ, ನಾಳೆಯಿಂದ ಖಾಲಿ ವೋಚರ್ ಮೇಲೆ ಒಂದೇ ಒಂದು ಸಹಿ ಹಾಕಬೇಡಿ. ಈ ಸಂಚಿಕೆ ಬರೋವರೆಗೆ ಕಾಯೋದು ಬೇಡ ಅಂತ ನಿಮಗೆ ಬೇರೆಯಾಗೂ ಪತ್ರ ಹಾಕಿದೀನಿ.

ನಿಮ್ಮ ಸೆಕ್ರೆಟರಿ ತಪ್ಪು ಮಾಡಿದಾರೆ ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲ್ಲ, ಕೊಡಬಾರದು. ಆದ್ರೆ ನೀವು ಬರೆದಿರೋ ಒಂದೊಂದು ವಿಷಯಾನೂ ನನಗೆ ಭಯ ಹುಟ್ಟಿಸ್ತಿದೆ. ಮದುವೆಗೆ ಕೊಟ್ಟ ರೊಕ್ಕ ನಿಮಗೂ ಅವರಿಗೂ ಮಧ್ಯದ ಸಾಲ, ವೋಚರ್ ಸಂಘದ ಸದಸ್ಯರ ಹಣ. ಇವೆರಡನ್ನ ಒಂದಕ್ಕೊಂದು ಗಂಟು ಹಾಕಿ ನಿಮ್ಮ ಕೃತಜ್ಞತೆಯನ್ನ ಸಹಿಯಾಗಿ ವಸೂಲಿ ಮಾಡ್ತಿದಾರೆ. ನೀವು ಕೇಳಿದ್ದು ಯಾಕೆ ಖಾಲಿ ವೋಚರ್ ಅಂತ, ಅವರು ಉತ್ತರ ಕೊಟ್ಟಿದ್ದು ನಿಮ್ಮ ನಿಯತ್ತಿನ ಬಗ್ಗೆ. ಲೆಕ್ಕದ ಪ್ರಶ್ನೆಗೆ ಲೆಕ್ಕದ ಉತ್ತರ ಬರದೆ ನಂಬಿಕೆಯ ಮಾತು ಬಂದ್ರೆ ಅಲ್ಲೇ ನಿಂತುಬಿಡಬೇಕು.

ರಜಾನೇ ತಗೊಳ್ಳದ ವಿಷಯ ನೀವು ಹೊಗಳಿಕೆಯಾಗಿ ಬರೆದಿದೀರಿ. ಎಷ್ಟೋ ಜನ ಪ್ರಾಮಾಣಿಕರೂ ರಜಾ ತಗೊಳ್ಳಲ್ಲ, ನಿಜ. ಆದ್ರೆ ಲೆಕ್ಕ ತಿದ್ದೋರು ರಜಾ ತಗೊಂಡ್ರೆ ಆ ಕುರ್ಚೀಲಿ ಬೇರೆಯವರು ಕೂತು ಪುಸ್ತಕ ತೆಗೀತಾರೆ, ಅದಕ್ಕೇ ಅವರಿಗೆ ರಜಾ ಅಂದ್ರೆ ಆಗಲ್ಲ. ಇದೇ ಕಾರಣಕ್ಕೆ ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರೋರನ್ನ ವರ್ಷಕ್ಕೊಂದ್ಸಲ, ಮುಂಚೆ ಹೇಳದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆ ಮೇಲೆ ಕಳಿಸಬೇಕು ಅಂತ ಆರ್‌ಬಿಐ 2021ರಲ್ಲಿ ಹೇಳ್ತು. ನಿಮ್ಮಂಥ ಸಣ್ಣ ಸಂಘಗಳಲ್ಲಿ ಇದನ್ನ ಯಾರೂ ಯೋಚನೆ ಮಾಡಲ್ಲ.

ಅಜ್ಜಿ ವಿಷಯದಲ್ಲಿ 'ನಾ ನೋಡ್ಕೋತೀನಿ' ಅನ್ನೋ ಮಾತು ನನಗೆ ಸತ್ಯಂ ನೆನಪು ಮಾಡ್ತು. 2009ರ ಜನವರಿ 7ಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ತಾವೇ ಪತ್ರ ಬರೆದು ಒಪ್ಕೊಂಡ್ರು. ಅಷ್ಟು ವರ್ಷ ಆಡಿಟ್ ಆಗಿತ್ತಲ್ಲ, ಹೆಂಗೆ ಸಿಗಲಿಲ್ಲ? ಅಮೆರಿಕದ ನಿಯಂತ್ರಕರು ವಿಚಾರಣೆ ಮಾಡಿದಾಗ ಗೊತ್ತಾಗಿದ್ದು, ಹಣ ಇದೆಯಾ ಅಂತ ಬ್ಯಾಂಕಿಗೆ ಕೇಳೋ ಪತ್ರ, ಬ್ಯಾಂಕಿಂದ ಬರೋ ಉತ್ತರ ಎರಡನ್ನೂ ಆಡಿಟರುಗಳು ತಮ್ಮ ಕೈಲಿಟ್ಕೊಳ್ಳದೆ ಕಂಪನಿಯವರ ಕೈಗೇ ಬಿಟ್ಟಿದ್ರು. ಯಾರನ್ನ ಪರೀಕ್ಷೆ ಮಾಡ್ಬೇಕೋ ಅವರೇ ಮಧ್ಯದಲ್ಲಿ ಕೂತು ಉತ್ತರ ತಂದುಕೊಟ್ರು. ನಿಮ್ಮಲ್ಲಿ ಅಜ್ಜಿಗೂ ಲೆಜರಿಗೂ ಮಧ್ಯದಲ್ಲಿ ಇರೋರು ಒಬ್ಬರೇ.

ಮಾಡ್ಬೇಕಾದ್ದು ಇದು. ನಿಮಗೆ ನೆನಪಿರೋ ಖಾಲಿ ಸಹಿಗಳ ತಾರೀಕು, ಅಜ್ಜಿ ಬಂದ ದಿನ, ಅವರು ಹೇಳಿದ ಮಾತು ಒಂದು ಪುಸ್ತಕದಲ್ಲಿ ನಿಮ್ಮ ಕೈಬರಹದಲ್ಲಿ ಬರೆದು ಮನೇಲಿಟ್ಕೊಳ್ಳಿ. ಸಂಘದ ಅಧ್ಯಕ್ಷರಿಗೆ ಲಿಖಿತವಾಗಿ ಕೊಡಿ, ನಿಮ್ಮ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ. ಪತ್ರದಲ್ಲಿ 'ಅವರು ಮೋಸ ಮಾಡಿದಾರೆ' ಅಂತ ಬರೀಬೇಡಿ, 'ಈ ಠೇವಣಿ ಮೇಲೆ ಸಾಲ ಕಾಣ್ತಿದೆ, ಸದಸ್ಯರು ತಗೊಂಡಿಲ್ಲ ಅಂತಿದಾರೆ, ಪರಿಶೀಲಿಸಿ' ಅಂತ ಬರೀರಿ. ಅಧ್ಯಕ್ಷರೂ ಅವರ ಕಡೆಯವರೇ ಅನ್ನಿಸಿದ್ರೆ, ಸಂಘ 1959ರ ಸಹಕಾರ ಸಂಘಗಳ ಕಾಯ್ದೆ ಕೆಳಗೆ ನೋಂದಣಿ ಆಗಿದ್ರೆ ನಿಮ್ಮ ಉಪವಿಭಾಗದ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ, ಆ ಕಾಯ್ದೇಲಿ ವಿಚಾರಣೆ ನಡೆಸೋ ಅಧಿಕಾರ ಇಲಾಖೆಗಿದೆ. ಅದಕ್ಕೂ ಮುಂಚೆ ಒಬ್ಬ ವಕೀಲರನ್ನ ಕಾಣಿ, ಯಾಕಂದ್ರೆ ಸಹಿ ನಿಮ್ಮದು, ನಾಳೆ ಮೊದಲ ಪ್ರಶ್ನೆ ಬರೋದು ನಿಮಗೇ. ತಂಗಿ ಮದುವೆ ಸಾಲ ಬಾಕಿ ಇದ್ರೆ ಹೆಂಗಾದ್ರೂ ಮಾಡಿ ತೀರಿಸಿ, ಬ್ಯಾಂಕ್ ಖಾತೆ ಮೂಲಕವೇ ತೀರಿಸಿ.

ಆ ಅಜ್ಜಿ ಬಗ್ಗೆ ಯೋಚನೆ ಮಾಡಿ. ಬ್ಯಾಂಕ್ ಮುಳುಗಿದ್ರೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತೆ, ಪತ್ತಿನ ಸಂಘದ ಠೇವಣಿಗೆ ಅದೂ ಇಲ್ಲ. ಆಕೆ ಪರವಾಗಿ ಬಾಯಿ ಬಿಡಬಲ್ಲವರು ಆ ಕಟ್ಟಡದಲ್ಲಿ ಸದ್ಯಕ್ಕೆ ನೀವೊಬ್ಬರೇ.

ಪ್ರಶ್ನೆ: ನಮ್ಮ ಬಾಸ್ ಸೈಕೋಪಾತ್ ಅಂತ ನನಗೆ ಡೌಟು. ನೆಟ್ಟಲ್ಲಿ ಒಂದು ಟೆಸ್ಟ್ ಸಿಕ್ತು, ಅವರ ಬಗ್ಗೆ ನಾನೇ ತುಂಬಿದೆ, 40ಕ್ಕೆ 33 ಬಂತು. ಎಚ್‌ಆರ್‌ಗೆ ಇದನ್ನ ಪ್ರಿಂಟ್ ತೆಗೆದು ಕೊಡಬಹುದಾ? – ಮೈಸೂರಿನ ಓದುಗರು

ಉತ್ತರ: ದಯವಿಟ್ಟು ಕೊಡಬೇಡಿ. ನೀವು ನೋಡಿರೋದು ಬಹುಶಃ ಸೈಕೋಪಾತ್ ಗುಣ, ಅಂದ್ರೆ ಕನಿಕರ ಪಶ್ಚಾತ್ತಾಪ ಇಲ್ಲದ ಸ್ವಭಾವ ಅಳೆಯೋಕೆ ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ ಪಟ್ಟಿಯ ನಕಲು. ಮೂಲದಲ್ಲಿ 20 ಅಂಶ, ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು 40, ಅಮೆರಿಕ ಕೆನಡಾ ಕಡೆ 30 ದಾಟಿದ್ರೆ ಗಂಭೀರ ಅಂತ ಲೆಕ್ಕ. ಆದ್ರೆ ಅದನ್ನ ಹಾಕೋದು ತರಬೇತಿ ಪಡೆದ ತಜ್ಞರು, ಆ ವ್ಯಕ್ತಿ ಜೊತೆ ಗಂಟೆಗಟ್ಟಲೆ ಮಾತಾಡಿ, ಅವರ ಹಳೇ ದಾಖಲೆ ನೋಡಿ. ಬೈಸ್ಕೊಂಡು ಬಂದ ಸಂಜೆ ನಾವು ನೀವು ತುಂಬಿದ್ರೆ ಯಾವ ಬಾಸ್‌ಗಾದ್ರೂ 33 ಬರುತ್ತೆ.

2002ರಲ್ಲಿ ಪೌಲಸ್ ಮತ್ತು ವಿಲಿಯಮ್ಸ್ ಅನ್ನೋ ಇಬ್ಬರು ಸಂಶೋಧಕರು ಆತ್ಮಪ್ರಶಂಸೆ, ಕುತಂತ್ರ, ಕನಿಕರ ಇಲ್ಲದಿರೋದು ಈ ಮೂರು ಗುಣಗಳನ್ನ ಒಟ್ಟಿಗೆ ಇಟ್ಟು ಬರೆದ್ರು, ಅವರೂ ಮಾತಾಡಿದ್ದು ಸಾಮಾನ್ಯ ಜನರಲ್ಲಿ ಹೆಚ್ಚು ಕಮ್ಮಿ ಇರೋ ಗುಣಗಳ ಬಗ್ಗೆ, ರೋಗದ ಹೆಸರಿನ ಬಗ್ಗೆ ಅಲ್ಲ. ನನಗೆ ಇನ್ನೊಂದು ಕಾಳಜಿ ಏನಂದ್ರೆ, ಒಂದ್ಸಲ 'ಸೈಕೋ' ಅಂತ ಹೆಸರಿಟ್ಟ ಮೇಲೆ ನಾವು ನೋಡೋದನ್ನ ನಿಲ್ಲಿಸ್ತೀವಿ, ಎಲ್ಲಕ್ಕೂ ಅದೇ ಕಾರಣ ಆಗಿಬಿಡುತ್ತೆ. ಎಚ್‌ಆರ್ ಟೇಬಲ್ಲಿಗೆ ಆ ಹೆಸರು ಬಂದ ಕೂಡ್ಲೇ ವಿಚಾರಣೆ ನಿಮ್ಮ ಮೇಲೆ ತಿರುಗುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಬದಲಿಗೆ 'ಸೋಮವಾರ ನನಗೆ ರಜೆ ಓಕೆ ಅಂದ್ರು, ಬುಧವಾರ ಮೇಲಿನವರಿಗೆ ನಾನು ಹೇಳದೆ ಹೋದೆ ಅಂದ್ರು, ಎರಡೂ ಮೆಸೇಜು ಇಲ್ಲಿದೆ' ಅಂತ ಇಟ್ರೆ ಅದಕ್ಕೆ ಯಾವ ಟೆಸ್ಟೂ ಬೇಕಾಗಲ್ಲ.

ಪ್ರಶ್ನೆ: ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನನಗೆ ಮಾತ್ರ ಯಾಕೆ ಇಷ್ಟು ನೈಟ್ ಡ್ಯೂಟಿ ಉಂಟು ಅಂತ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ರ ಮರ್ಯಾದೆಯಲ್ಲೇ ಕೇಳಿದೆ. ಹಾಗೇನೂ ಇಲ್ಲ ಅಂದ್ರು. ರೋಸ್ಟರ್ ತೋರಿಸಿದೆ. ಕೂಡ್ಲೇ ನಿನಗೆ ಕೆಲಸ ಮಾಡುವ ಮನಸ್ಸಿಲ್ಲ ಅಂತ ಜೋರು ಮಾಡಿದ್ರು, ಆಮೇಲೆ ಎಲ್ಲರ ಎದುರು ಕಣ್ಣೀರು ಹಾಕಿ 'ಮಗಳ ಹಾಗೆ ನೋಡಿಕೊಂಡೆ, ಈಗ ನನ್ನ ಮೇಲೆ ಹೀಗೆ ಬೀಳ್ತಾಳೆ' ಅಂದ್ರು. ಈಗ ಎಲ್ಲರೂ ನನ್ನನ್ನೇ ಕೆಟ್ಟವಳ ಹಾಗೆ ನೋಡ್ತಾರೆ. ನಿದ್ರೆ ಬರುವುದಿಲ್ಲ. ನಾನೇ ತಪ್ಪು ಮಾಡಿದೆನಾ ಅಂತ ಆಗ್ತದೆ.

ಉತ್ತರ: ತಪ್ಪು ನಿಮ್ಮದಲ್ಲ ಮಗಾ. ನೀವು ಕೇಳಿದ್ದು ರೋಸ್ಟರ್ ಬಗ್ಗೆ, ಅದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ, ನೋಡಿ.

ಮೊದಲು ಇಲ್ಲ ಅನ್ನೋದು, ಆಮೇಲೆ ಕೇಳಿದವರ ಮೇಲೇ ಎಗರೋದು, ಕೊನೆಗೆ ತಾವೇ ಅನ್ಯಾಯಕ್ಕೊಳಗಾದವರು ಅಂತ ಜಾಗ ಅದಲುಬದಲು ಮಾಡೋದು, ಈ ಮೂರು ಮೆಟ್ಟಿಲನ್ನ ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ 1997ರಲ್ಲೇ ಗುರುತಿಸಿ ಬರೆದಿದಾರೆ. ಆಕೆ ಮತ್ತು ಆಕೆಯ ಸಹೋದ್ಯೋಗಿ ಆಮೇಲೆ ಮಾಡಿದ ಪ್ರಯೋಗಗಳಲ್ಲಿ ಎರಡು ಸಂಗತಿ ಕಂಡ್ವು. ಈ ತಂತ್ರ ನೋಡಿದವರು ನೊಂದವರನ್ನ ಕಮ್ಮಿ ನಂಬ್ತಾರೆ. ಇಂಥ ತಂತ್ರ ಇದೆ ಅಂತ ಮೊದಲೇ ತಿಳಿದಿದ್ದವರ ಮೇಲೆ ಅದು ಅಷ್ಟಾಗಿ ನಾಟಲ್ಲ. ಅದಕ್ಕೇ ನಿಮ್ಮ ವಾರ್ಡಿನವರ ಮೇಲೆ ಸಿಟ್ಟು ಮಾಡ್ಕೋಬೇಡಿ, ದೊಡ್ಡವರು ಅತ್ತರೆ ಯಾರಿಗಾದ್ರೂ ಕರುಳು ಚುರ್ ಅನ್ನುತ್ತೆ. ಇನ್‌ಚಾರ್ಜ್ ಅವರ ಕಣ್ಣೀರು ಸುಳ್ಳು ಅಂತಾನೂ ನಾನು ಹೇಳಲ್ಲ, ನಿಜವಾಗಿ ನೋವಾಗೇ ಅತ್ತಿರಬಹುದು, ಆದ್ರೂ ರೋಸ್ಟರ್ ರೋಸ್ಟರೇ.

ಆಫೀಸ್ ತುಂಬ ಸಮರ್ಥನೆ ಕೊಡ್ತಾ ಹೋಗ್ಬೇಡಿ. ಕಳೆದ ಮೂರು ತಿಂಗಳ ರೋಸ್ಟರಿಂದ ಎಲ್ಲರ ನೈಟ್ ಡ್ಯೂಟಿ ಎಣಿಸಿ ಒಂದು ಹಾಳೇಲಿ ಬರೀರಿ, ಹೆಸರಿನ ಮುಂದೆ ಸಂಖ್ಯೆ ಅಷ್ಟೇ, ವಿಶೇಷಣ ಬೇಡ. ರೋಗಿಗಳ ಚಾರ್ಟ್, ಕೇಸ್ ಶೀಟ್ ಫೋಟೋ ಮಾತ್ರ ಯಾವ ಕಾರಣಕ್ಕೂ ನಿಮ್ಮ ಮೊಬೈಲಲ್ಲಿ ತೆಗೀಬೇಡಿ, ಅದರಿಂದ ನೀವೇ ಸಿಕ್ಕಿಹಾಕ್ಕೊಳ್ತೀರಿ. ಆ ಹಾಳೆ ತಗೊಂಡು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ರ ಹೋಗಿ, ಒಬ್ಬರೇ ಹೋಗೋದಕ್ಕಿಂತ ಅದೇ ಥರ ಜಾಸ್ತಿ ನೈಟ್ ಬಿದ್ದಿರೋ ಇನ್ನೊಬ್ಬರಿದ್ರೆ ಜೊತೆಗೆ ಕರ್ಕೊಳ್ಳಿ. ಅಲ್ಲಿ ಇನ್‌ಚಾರ್ಜ್ ಅತ್ತಿದ್ದು, ಬೈದಿದ್ದು ಎತ್ತಬೇಡಿ, 'ಮುಂದಿನ ರೋಸ್ಟರಲ್ಲಿ ಇದನ್ನ ಸಮ ಮಾಡಿ ಮೇಡಂ' ಅಂತ ಒಂದೇ ಕೋರಿಕೆ ಇಡಿ. ಮತ್ತೆ ಅಳು ಶುರುವಾದ್ರೆ 'ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ ಸಿಸ್ಟರ್, ರೋಸ್ಟರ್ ಬಗ್ಗೆ ಮಾತ್ರ ನನಗೆ ಉತ್ತರ ಬೇಕು' ಅಂತ ಮೆಲ್ಲಗೆ ಹೇಳಿ ಅಲ್ಲಿಂದ ಹೊರಡಿ.

ನಿದ್ರೆ ವಿಷಯ ಹಗುರವಾಗಿ ತಗೋಬೇಡಿ, ನೈಟ್ ಡ್ಯೂಟಿ ಮೇಲೆ ನಿದ್ರೆಯೂ ಇಲ್ಲ ಅಂದ್ರೆ ಔಷಧಿ ಕೊಡೋ ಕೈ ತಪ್ಪುತ್ತೆ ಅನ್ನೋದು ನನಗಿಂತ ನಿಮಗೇ ಗೊತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಸೂಪರಿಂಟೆಂಡೆಂಟ್ ಏನಂದ್ರು ಅಂತ ನನಗೆ ಬರೀರಿ, ಅಲ್ಲಿ ಆಗಲಿಲ್ಲ ಅಂದ್ರೆ ಮುಂದೆ ಯಾರ ಹತ್ರ ಹೋಗ್ಬೇಕು ಅಂತ ನೋಡೋಣ.